ಪಯಣಕ್ಕೆ ಮುಂಚಿನ ಪಯಣ: ಸರ್ ಎಂ. ವಿಶ್ವೇಶ್ವರಯ್ಯನವರ ಜೀವನದರ್ಶನ

ಯಾವುದೇ ಮಹತ್ಕಾರ್ಯವು ಮೊದಲು ಮನಸ್ಸಿನಲ್ಲಿ ನಡೆದು, ಅನಂತರ ಕಾಗದದ ಮೇಲೆ ನಡೆದು, ಕಟ್ಟಕಡೆಗೆ ನೆಲದ ಮೇಲೆ ನಡೆಯುತ್ತದೆ. ಈ ಮೂರು ಮೆಟ್ಟಿಲುಗಳಲ್ಲಿ ಮೊದಲೆರಡನ್ನು ಅವಸರದಿಂದ ಹಾರಿ ಹೋದವನು ಮೂರನೆಯದರಲ್ಲಿ ಎಡವುತ್ತಾನೆ. ನಮ್ಮ ಚಿಕ್ಕಬಳ್ಳಾಪುರದ ಮಣ್ಣಿನಲ್ಲಿ ಹುಟ್ಟಿ, ನೂರು ವರ್ಷ ತುಂಬಿ ಬಾಳಿ, ಈ ಸತ್ಯವನ್ನೇ ತಮ್ಮ ಬದುಕಿನ ಸೂತ್ರವಾಗಿ ಮಾಡಿಕೊಂಡ ಮಹನೀಯರು ಭಾರತರತ್ನ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಅವರ ಹೆಸರನ್ನು ಅರಿಯದ ಕನ್ನಡಿಗರಿಲ್ಲ. ಆದರೆ ಅವರ ಕಾರ್ಯವಿಧಾನವನ್ನು ಅರಿತವರು ಅಷ್ಟು ಮಂದಿ ಇಲ್ಲ. ಆ ವಿಧಾನವನ್ನು ಇಂದಿನ ವಿದ್ಯಾರ್ಥಿಗಳಿಗೆ ಪರಿಚಿತವಾದ ಒಂದು ದೃಷ್ಟಾಂತದ ಮೂಲಕ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಇಂದು ಕಂಪ್ಯೂಟರಿನ ಮುಂದೆ ಕುಳಿತ ಬಾಲಕನೊಬ್ಬನು ಫ್ಲೈಟ್ ಸಿಮ್ಯುಲೇಟರ್ ಎಂಬ ಸಾಧನದಲ್ಲಿ ದೇವನಹಳ್ಳಿಯ ನಿಲ್ದಾಣದಿಂದ ವಿಮಾನವನ್ನೇರಿಸಿ, ಉತ್ತರಕ್ಕೆ ನಂದಿಬೆಟ್ಟವನ್ನು ಕಂಡು, ಭೂಪ್ರದಕ್ಷಿಣೆಗೆ ಹೊರಡಬಲ್ಲನು. 1982ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಹೊರತಂದ ಇಂಥ ತಂತ್ರಾಂಶದಲ್ಲಿ ಕೆಲವೇ ಗೆರೆಗಳ ಚಿತ್ರವಿತ್ತು. 2020ರ ಆವೃತ್ತಿಯಲ್ಲಿ ಉಪಗ್ರಹಚಿತ್ರಗಳ ನೆರವಿನಿಂದ ಇಡೀ ಭೂಮಂಡಲವೇ ಮೈದಳೆದಿದೆ. ಆದರೆ ಹೊರಡುವ ಮುನ್ನ ಆ ಬಾಲಕನು ಯೋಚಿಸಬೇಕಾದ ಸಂಗತಿಗಳು ಹಲವು. ಭೂಮಧ್ಯರೇಖೆಯ ಸುತ್ತಳತೆ ಸುಮಾರು 40,075 ಕಿಲೋಮೀಟರು. ಸಣ್ಣ ವಿಮಾನವೊಂದು ಒಮ್ಮೆ ತುಂಬಿದ ಇಂಧನದಿಂದ ಹಾರಬಲ್ಲ ದೂರ ಸಾವಿರ ಕಿಲೋಮೀಟರಿನ ಆಸುಪಾಸು. ಆದುದರಿಂದ ಹಾದಿಯನ್ನು ಹಂತಹಂತವಾಗಿ ಕತ್ತರಿಸಬೇಕು. ಎಲ್ಲಿ ತಂಗುವುದು, ಗಾಳಿ ಎದುರಾದರೆ ಇಂಧನ ಸಾಲುವುದೇ, ಗೊತ್ತುಪಡಿಸಿದ ನಿಲ್ದಾಣವು ಮಂಜಿನಿಂದ ಮುಚ್ಚಿದ್ದರೆ ಸಮೀಪದ ಪರ್ಯಾಯ ಯಾವುದು ಎಂಬುದನ್ನೆಲ್ಲ ಮುಂಗಡವಾಗಿ ನಿಶ್ಚಯಿಸಬೇಕು. ಶಾಂತಸಾಗರವನ್ನು ದಾಟುವ ಹಂತವಂತೂ ಎಂಥ ಚತುರನನ್ನೂ ಲೆಕ್ಕಕ್ಕೆ ಕೂರಿಸುತ್ತದೆ.

ಇದು ಬರಿಯ ಆಟವಲ್ಲವೆಂಬುದಕ್ಕೆ ಇತಿಹಾಸವೇ ಸಾಕ್ಷಿ. 1924ರಲ್ಲಿ ಅಮೆರಿಕದ ಸೇನೆಯ ನಾಲ್ಕು ವಿಮಾನಗಳು ಜಗತ್ತನ್ನು ಸುತ್ತಲು ಹೊರಟವು. ಹಾದಿಯುದ್ದಕ್ಕೂ ಇಂಧನವನ್ನೂ ಬಿಡಿಭಾಗಗಳನ್ನೂ ಮೊದಲೇ ಕೂಡಿಟ್ಟಿದ್ದರಿಂದ, ಅವುಗಳಲ್ಲಿ ಎರಡು 175 ದಿನಗಳಲ್ಲಿ ಪ್ರದಕ್ಷಿಣೆಯನ್ನು ಮುಗಿಸಿದವು. 1937ರಲ್ಲಿ ಅಮೀಲಿಯಾ ಇಯರ್‌ಹಾರ್ಟ್ ಎಂಬ ವೀರಮಹಿಳೆ ಕರಾಚಿ, ಕಲ್ಕತ್ತಗಳ ಮೂಲಕ ಮುಕ್ಕಾಲು ಪ್ರಪಂಚವನ್ನು ಬಳಸಿ, ಶಾಂತಸಾಗರದ ನಡುವಣ ಹೌಲ್ಯಾಂಡ್ ಎಂಬ ಪುಟ್ಟ ದ್ವೀಪವನ್ನು ತಲಪಬೇಕಾದ ಒಂದೇ ಒಂದು ಹಂತದಲ್ಲಿ ಕಣ್ಮರೆಯಾದಳು. ಧೈರ್ಯಕ್ಕೆ ಕೊರತೆಯಿರಲಿಲ್ಲ, ಆದರೆ ಆಗಸದ ದಾರಿಯಲ್ಲಿ ಒಂದು ಹಂತ ತಪ್ಪಿದರೂ ಉಳಿದೆಲ್ಲ ಹಂತಗಳ ಶ್ರಮ ವ್ಯರ್ಥವಾಗುತ್ತದೆ.

ವಿಮಾನವೆಂಬುದೇ ಇಲ್ಲದ ಕಾಲದಲ್ಲಿ, 1861ರ ಸೆಪ್ಟೆಂಬರ್ 15ರಂದು, ನಂದಿಯ ತಪ್ಪಲಿನ ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರು ಜನಿಸಿದರು. ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಚಿಕ್ಕಬಳ್ಳಾಪುರದಲ್ಲಿ ಮೊದಲ ವಿದ್ಯಾಭ್ಯಾಸವಾಯಿತು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ ಬಾಲಕನು ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿ ತನ್ನ ಓದಿನ ವೆಚ್ಚವನ್ನು ಸರಿದೂಗಿಸಿಕೊಂಡನು. ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ವ್ಯಾಸಂಗವನ್ನು 1883ರಲ್ಲಿ ಪ್ರಥಮ ಸ್ಥಾನದೊಡನೆ ಮುಗಿಸಿ, ಮರುವರ್ಷ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ವರ್ಷಪೂರ್ತಿ ಹರಿಯುವ ಒಂದು ಹೊಳೆಯನ್ನೂ ಕಾಣದ ಬಯಲಿನ ಮಗುವು ನೀರಿನ ವಿದ್ಯೆಯಲ್ಲಿ ನಿಷ್ಣಾತನಾದದ್ದು ಕಾಕತಾಳೀಯವಾಗಿರಲಾರದು.

ಮುಂಬಯಿ ಸೇವೆಯ ಕಾಲದಲ್ಲಿ ಸಿಂಧ್ ಪ್ರಾಂತದ ಸುಕ್ಕೂರಿಗೆ ಶುದ್ಧ ಕುಡಿಯುವ ನೀರನ್ನು ಒದಗಿಸಿದರು. ಕಾಲುವೆಯ ನೀರು ಕೆಲವರ ಪಾಲಾಗದೆ ಅನೇಕ ಹಳ್ಳಿಗಳಿಗೆ ಸರದಿಯಂತೆ ಹಂಚಿಹೋಗುವ ಬ್ಲಾಕ್ ಪದ್ಧತಿಯನ್ನು ರೂಪಿಸಿದರು. 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು, ಕಟ್ಟೆಯ ಎತ್ತರವನ್ನು ಹೆಚ್ಚಿಸದೆಯೇ ಹೆಚ್ಚು ನೀರನ್ನು ತಡೆದು, ಪ್ರವಾಹವು ಮೇರೆ ಮೀರಿದೊಡನೆ ತಾವಾಗಿಯೇ ತೆರೆದುಕೊಳ್ಳುತ್ತಿದ್ದವು. ನಡುರಾತ್ರಿಯಲ್ಲಿ ಬರುವ ನೆರೆಗೆ ಕಾವಲುಗಾರನ ಎಚ್ಚರವೊಂದನ್ನೇ ನಂಬಬಾರದು, ಉತ್ತರವು ಯಂತ್ರದೊಳಗೆ ಮೊದಲೇ ಸಿದ್ಧವಾಗಿರಬೇಕು ಎಂಬುದೇ ಆ ರಚನೆಯ ಹಿಂದಿನ ತತ್ತ್ವ.

ಈ ಮುಂದಾಲೋಚನೆಯ ಪರಾಕಾಷ್ಠೆಯನ್ನು ಹೈದರಾಬಾದಿನಲ್ಲಿ ಕಾಣುತ್ತೇವೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿಯು ಉಕ್ಕಿ ಆ ನಗರದಲ್ಲಿ ಸಾವಿರಾರು ಜೀವಗಳನ್ನು ಬಲಿತೆಗೆದುಕೊಂಡಿತು. ಆಗ ವಿದೇಶ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ನಿಜಾಮ ಸರ್ಕಾರದ ಕರೆ ಬಂದಿತು. ಅವರು ಮೊದಲು ಕೈಗೆತ್ತಿಕೊಂಡದ್ದು ಗೋಡೆ ಕಟ್ಟುವ ಕೆಲಸವನ್ನಲ್ಲ. ನದಿಯ ಮೇಲ್ಪಾತ್ರದ ಮಳೆಯ ಅಂಕಿಅಂಶಗಳನ್ನು ಕಲೆಹಾಕಿ, ಎಲ್ಲಿ ಎಷ್ಟು ನೀರು ಬಿದ್ದಿತು, ಎಷ್ಟು ಹೊತ್ತಿಗೆ ಎಲ್ಲಿಗೆ ಬಂದಿತು ಎಂಬುದನ್ನು ಗಣಿಸಿದರು. ಆ ಪ್ರಳಯವನ್ನೇ ಕಾಗದದ ಮೇಲೆ ಮತ್ತೊಮ್ಮೆ ಹರಿಯಿಸಿ ನೋಡಿದರೆಂದರೆ ತಪ್ಪಾಗದು. ಇಂದು ನಾವು ಸಿಮ್ಯುಲೇಶನ್ ಎಂದು ಕರೆಯುವ ವಿದ್ಯೆಯ ಜೀವಾಳವೂ ಇದೇ. ಆ ಗಣನೆಯ ಫಲವಾಗಿ ನಗರದ ಮೇಲ್ಭಾಗದಲ್ಲಿ ನೆರೆಯನ್ನು ತಡೆಹಿಡಿಯುವ ಎರಡು ಜಲಾಶಯಗಳ ಸಲಹೆ ಹೊರಬಂದಿತು. 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಪೂರ್ಣಗೊಂಡವು.

1909ರಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿ ತಾಯ್ನಾಡಿಗೆ ಮರಳಿದರು. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾಯಿತು. ಮದರಾಸು ಸರ್ಕಾರದ ಆಕ್ಷೇಪದಿಂದಾಗಿ ಆಗ ದೊರೆತದ್ದು ಕಡಿಮೆ ಎತ್ತರದ ಕಟ್ಟೆಗೆ ಮಾತ್ರ ಅನುಮತಿ. ಆದರೂ ತಳಪಾಯವನ್ನು ಮುಂದೆಂದೋ ಏರಬೇಕಾದ ಪೂರ್ಣ ಎತ್ತರಕ್ಕೆ ತಕ್ಕಂತೆಯೇ ಹಾಕಲಾಯಿತು. ಮೇಲಿನ ಗೋಡೆಯನ್ನು ಎಂದು ಬೇಕಾದರೂ ಏರಿಸಬಹುದು. ನೀರಿನಡಿ ಮುಳುಗಿದ ತಳಪಾಯವನ್ನು ಮತ್ತೆ ಅಗಲಿಸಲಾಗದು. ಮೊದಲ ಹಂತದಲ್ಲಿಯೇ ಕೊನೆಯ ಹಂತವನ್ನು ಕಂಡ ಈ ದೃಷ್ಟಿಯೇ ನಿಜವಾದ ಯೋಜನೆಯ ಲಕ್ಷಣ. 1924ರ ಒಪ್ಪಂದದ ಅನಂತರ ಕೃಷ್ಣರಾಜಸಾಗರವು ಪೂರ್ಣರೂಪವನ್ನು ಪಡೆದು ಮಂಡ್ಯದ ಬಯಲನ್ನು ಹಸಿರಾಗಿಸಿತು.

1912ರಿಂದ 1918ರವರೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಅವರು ದಿವಾನರಾಗಿದ್ದರು. 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಹೀಗೆ ಒಂದರ ಬೆನ್ನಿಗೆ ಒಂದು ಸಂಸ್ಥೆಗಳು ತಲೆಯೆತ್ತಿದವು. ಆದರೆ ಈ ಉಜ್ಜ್ವಲ ಅಧ್ಯಾಯದ ಕೊನೆಯ ಪುಟವನ್ನು ಮುಚ್ಚಿಡುವುದು ಸತ್ಯಕ್ಕೆ ಸಲ್ಲದು. ಸರ್ಕಾರಿ ಸೇವೆಯಲ್ಲಿ ಹಿಂದುಳಿದ ವರ್ಗದವರಿಗೆ ತಕ್ಕ ಸ್ಥಾನ ದೊರಕಿಸುವ ಕುರಿತು ಪರಿಶೀಲಿಸಲು 1918ರಲ್ಲಿ ಮಹಾರಾಜರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಅರ್ಹತೆಯೊಂದೇ ಮಾನದಂಡವಾಗಬೇಕೆಂಬ ನಿಲುವಿನ ದಿವಾನರು ಇದಕ್ಕೆ ಒಪ್ಪದೆ ಅಧಿಕಾರವನ್ನು ತ್ಯಜಿಸಿದರು. ಅವರ ಪ್ರಾಮಾಣಿಕತೆ ಪ್ರಶ್ನಾತೀತ. ಆದರೆ ವಿದ್ಯೆಯ ಬಾಗಿಲು ತಲೆಮಾರುಗಳಿಂದ ಮುಚ್ಚಿದ್ದ ಮನೆಗಳ ಮಕ್ಕಳನ್ನು ಅರ್ಹತೆಯ ಒಂದೇ ತಕ್ಕಡಿಯಲ್ಲಿ ತೂಗಿದಾಗ ಆಗುವ ಅನ್ಯಾಯವನ್ನು ಕಾಲವೇ ಎತ್ತಿ ತೋರಿಸಿದೆ. ಕಾಲುವೆಯ ನೀರು ಕೆಲವರ ಪಾಲಾಗಬಾರದೆಂದು ಕಂಡ ಕಣ್ಣು, ಅಧಿಕಾರದ ನೀರೂ ಹಾಗೆಯೇ ಹಂಚಿಹೋಗಬೇಕೆಂಬುದನ್ನು ಕಾಣಲಿಲ್ಲ. ಎಷ್ಟೇ ಸಮರ್ಥ ನಕ್ಷೆಯಾದರೂ ಅದರಲ್ಲಿ ಗುರುತಾಗದ ಊರುಗಳು ಉಳಿದಿರಬಹುದೆಂಬ ಪಾಠವನ್ನು ಇದರಿಂದ ನಾವು ಕಲಿಯಬೇಕು.

ಅಧಿಕಾರ ಬಿಟ್ಟ ಮೇಲೂ ಅವರ ಕಾಯಕ ನಿಲ್ಲಲಿಲ್ಲ. 1898ರಲ್ಲಿಯೇ ಜಪಾನನ್ನು ಕಂಡು ಬಂದಿದ್ದ ಅವರು 1919-20ರಲ್ಲಿ ಜಪಾನ್, ಅಮೆರಿಕ, ಕೆನಡಾ ಮತ್ತು ಯೂರೋಪುಗಳನ್ನು ಸಂದರ್ಶಿಸಿದರು. 1926ರಲ್ಲಿ, 1935ರಲ್ಲಿ, ಕಡೆಗೆ 85ನೆಯ ವಯಸ್ಸಿನಲ್ಲಿ, 1946ರಲ್ಲಿ, ಮತ್ತೆ ವಿದೇಶಗಳಿಗೆ ತೆರಳಿದರು. ವಿನೋದಕ್ಕಾಗಿ ಊರು ಸುತ್ತುವ ಸ್ವಭಾವ ಅವರದಲ್ಲ. ಕಾರ್ಖಾನೆ, ಅಣೆಕಟ್ಟೆ, ಶಾಲೆ, ಬ್ಯಾಂಕು ಇವುಗಳನ್ನು ಕಂಡು, ಅಂಕಿಅಂಶಗಳನ್ನು ಸಂಗ್ರಹಿಸಿ, ಅದರಲ್ಲಿ ನಮ್ಮ ನಾಡಿಗೆ ಒಗ್ಗುವುದೆಷ್ಟು ಎಂದು ತೂಗಿ ನೋಡುವುದೇ ಅವರ ಯಾತ್ರೆಯ ಗುರಿ. 1920ರಲ್ಲಿ ಭಾರತದ ಪುನರ್ನಿರ್ಮಾಣವನ್ನು ಕುರಿತ ಗ್ರಂಥವೂ, 1934ರಲ್ಲಿ ದೇಶಕ್ಕೆ ಯೋಜಿತ ಆರ್ಥಿಕ ವ್ಯವಸ್ಥೆಯನ್ನು ಸೂಚಿಸಿದ ಗ್ರಂಥವೂ ಹೊರಬಂದವು. ಸ್ವತಂತ್ರ ಭಾರತದ ಮೊದಲ ಪಂಚವಾರ್ಷಿಕ ಯೋಜನೆ ಆರಂಭವಾದದ್ದು 1951ರಲ್ಲಿ ಎಂಬುದನ್ನು ನೆನೆದರೆ, ಅವರು ಎಷ್ಟು ಮುಂದೆ ನಿಂತು ನೋಡುತ್ತಿದ್ದರೆಂಬುದು ಮನವರಿಕೆಯಾಗುತ್ತದೆ.

1935ರ ಪ್ರವಾಸದ ಮುಖ್ಯ ಉದ್ದೇಶ ಭಾರತದಲ್ಲಿ ಮೋಟಾರು ವಾಹನದ ಕಾರ್ಖಾನೆಯನ್ನು ಸ್ಥಾಪಿಸುವುದಾಗಿತ್ತು. ಅದಕ್ಕಾಗಿ ವಿವರವಾದ ಯೋಜನೆಯನ್ನು ಸಿದ್ಧಪಡಿಸಿದರೂ ಪರಕೀಯ ಆಡಳಿತದ ಉದಾಸೀನದಿಂದ ಅವರು ಬಯಸಿದಂತೆ ಅದು ಕೈಗೂಡಲಿಲ್ಲ. ಆದರೆ ಆ ಪ್ರಯತ್ನದಲ್ಲಿ ಅವರೊಡನಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಆರಂಭಿಸಿದರು. ಮರುವರ್ಷ ಅಲ್ಲಿ ಜೋಡಿಸಿ ಹಾರಿಸಿದ ಮೊದಲ ವಿಮಾನವಾದ ಹಾರ್ಲೋ, ಹಾರಾಟವನ್ನು ಕಲಿಸುವ ತರಬೇತಿ ವಿಮಾನ. ನೆಲದ ಮೇಲೆಯೇ ಕುಳಿತು ಹಾರಾಟವನ್ನು ಅಭ್ಯಸಿಸುವ ಯಂತ್ರವನ್ನು ಅಮೆರಿಕದ ಎಡ್ವಿನ್ ಲಿಂಕ್ ಎಂಬುವರು 1929ರಲ್ಲಿಯೇ ರಚಿಸಿದ್ದರು; ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಸಂಖ್ಯ ವೈಮಾನಿಕರು ಅದರಲ್ಲಿ ಪಳಗಿದರು. ಇಂದು ಮಕ್ಕಳು ಬಳಸುವ ಸಿಮ್ಯುಲೇಟರು ಆ ಯಂತ್ರದ ಮೊಮ್ಮಗುವೆನ್ನಬಹುದು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಷ್ಟದಿಂದ ಮೇಲೆತ್ತಿದ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ವಿಶ್ವೇಶ್ವರಯ್ಯನವರು ಸ್ವಂತಕ್ಕೆ ಬಳಸಲಿಲ್ಲ. ಅದು ಯುವಕರಿಗೆ ಕೈಕಸುಬನ್ನು ಕಲಿಸುವ ಸಂಸ್ಥೆಗೆ ಮೂಲಧನವಾಯಿತು. 1943ರಲ್ಲಿ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಆರಂಭವಾಯಿತು. ವಿದ್ಯಾಸಂಸ್ಥೆಗಳನ್ನು ಪೋಷಿಸುವ ದಾನಿಗಳಿಗೆ ಇದಕ್ಕಿಂತ ಹಿರಿದಾದ ಆದರ್ಶ ಬೇಕಿಲ್ಲ. 1955ರಲ್ಲಿ ರಾಷ್ಟ್ರವು ಅವರಿಗೆ ಭಾರತರತ್ನ ಪ್ರಶಸ್ತಿಯನ್ನಿತ್ತು ಗೌರವಿಸಿತು. 1962ರ ಏಪ್ರಿಲಿನಲ್ಲಿ ಆ ತುಂಬು ಜೀವನವು ಮುಗಿಯಿತು. ಜಗತ್ತನ್ನು ಕಂಡ ಆ ಯಾತ್ರಿಕನು ನಂದಿಬೆಟ್ಟದ ನೆರಳಿನಲ್ಲಿ, ಹುಟ್ಟಿದ ಮುದ್ದೇನಹಳ್ಳಿಯಲ್ಲಿಯೇ ವಿಶ್ರಮಿಸಿದ್ದಾನೆ.

2007ರಲ್ಲಿ ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾಯಿತು. 2008ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣವು ನಮ್ಮ ನೆರೆಗೇ ಬಂದಿತು. ಆದರೂ ಗೌರಿಬಿದನೂರಿನ ಉತ್ತರ ಪಿನಾಕಿನಿಯಲ್ಲಿ ವರ್ಷದ ಬಹುಕಾಲ ಮರಳೇ ಕಾಣುತ್ತದೆ. ಶಿಡ್ಲಘಟ್ಟದ ರೇಷ್ಮೆ ಬೆಳೆಗಾರನೂ ಚಿಂತಾಮಣಿಯ ತರಕಾರಿ ಬೆಳೆಗಾರನೂ ಪಾತಾಳಕ್ಕಿಳಿದ ಕೊಳವೆಬಾವಿಯನ್ನೇ ನಂಬಿದ್ದಾರೆ. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ನಮ್ಮ ಕೆರೆಗಳಿಗೆ ಹರಿಸಲಾಗುತ್ತಿದೆ; ಎತ್ತಿನಹೊಳೆ ಯೋಜನೆಯ ಮೊದಲ ಹಂತವು 2024ರಲ್ಲಿ ಉದ್ಘಾಟನೆಗೊಂಡಿದೆ. ಈ ನೀರು ಎಷ್ಟು ಬರುತ್ತದೆ, ಎಷ್ಟು ಶುದ್ಧವಾಗಿರುತ್ತದೆ, ಯಾರ ಹೊಲಕ್ಕೆ ತಲಪುತ್ತದೆ, ಯಾರ ಕಾಡನ್ನು ಕಳೆಯುತ್ತದೆ ಎಂಬ ಲೆಕ್ಕವನ್ನು ಮುಂದೆ ಮಾಡಬೇಕಾದವರು ಇಂದು ನಮ್ಮ ಶಾಲೆಗಳ ಹಲಗೆಯ ಮುಂದೆ ಕುಳಿತಿರುವ ಮಕ್ಕಳೇ.

ಸಿಮ್ಯುಲೇಟರಿನಲ್ಲಿ ಇಂಧನ ಮುಗಿದು ವಿಮಾನವು ಸಮುದ್ರಕ್ಕೆ ಬಿದ್ದರೆ ಒಂದು ಗುಂಡಿಯನ್ನೊತ್ತಿ ಮತ್ತೆ ಹೊರಡಬಹುದು. ನಾಡಿನ ಬದುಕಿಗೆ ಅಂಥ ಗುಂಡಿಯಿಲ್ಲ. ತಪ್ಪು ಲೆಕ್ಕದಿಂದ ಕಟ್ಟಿದ ಕಟ್ಟೆ ಒಡೆದರೆ, ಬತ್ತಿದ ಅಂತರ್ಜಲ ಮರಳದಿದ್ದರೆ, ಅದರ ಬೆಲೆಯನ್ನು ತೆರುವವರು ನಕ್ಷೆ ಬರೆದವರಲ್ಲ, ಕೆಳಗಿನ ಊರಿನವರು. ಆದುದರಿಂದ ನಮ್ಮ ಅಧ್ಯಾಪಕರು ಮಕ್ಕಳ ಈ ಹೊಸ ಆಟವನ್ನು ಕೇವಲ ಕಾಲಹರಣವೆಂದು ತಳ್ಳಿಹಾಕದೆ, ಗಣಿತಕ್ಕೂ ಭೂಗೋಳಕ್ಕೂ ಮುಂದಾಲೋಚನೆಗೂ ಅದನ್ನು ಮೆಟ್ಟಿಲಾಗಿ ಮಾಡಿಕೊಳ್ಳಬಹುದು. ದಾರಿಯ ಹಂತಗಳನ್ನು ಮಗುವೇ ಗುರುತಿಸಲಿ, ಇಂಧನದ ಲೆಕ್ಕವನ್ನು ಮಗುವೇ ಮಾಡಲಿ, ಪರ್ಯಾಯ ನಿಲ್ದಾಣವನ್ನು ಮಗುವೇ ಹುಡುಕಲಿ; ಹಿಂದಿನ ಆಸನದಲ್ಲಿ ಯಾರು ಕುಳಿತಿದ್ದಾರೆಂಬುದನ್ನು ಮಾತ್ರ ಗುರುಗಳು ಆಗಾಗ ನೆನಪಿಸುತ್ತಿರಲಿ. ಮುದ್ದೇನಹಳ್ಳಿಯ ಆ ಹಿರಿಯ ಚೇತನಕ್ಕೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ ಇದೇ.