ಕ್ಷಣಮಾತ್ರ ಅಲುಗಿದ ಮುಳ್ಳು

ಮಕ್ಕಳೇ, ಇಂಥ ತೊಂದರೆಯನ್ನು ನಿಮ್ಮಲ್ಲಿ ಕೆಲವರು ಮನೆಯಲ್ಲಿ ನೋಡಿರಬಹುದು. ಮುಖ್ಯ ಬೋರ್ಡಿನಲ್ಲಿರುವ ಸುರಕ್ಷತಾ ಸ್ವಿಚ್ಚು ಇದ್ದಕ್ಕಿದ್ದಂತೆ ಟಪ್ ಎಂದು ಕೆಳಕ್ಕೆ ಬೀಳುತ್ತದೆ. ಮನೆಯೆಲ್ಲ ಕತ್ತಲೆ. ಮೇಲಕ್ಕೆತ್ತಿದರೆ ನಿಲ್ಲುತ್ತದೆ. ಎರಡು ದಿನ ಏನೂ ಆಗುವುದಿಲ್ಲ. ಮೂರನೆಯ ದಿನ ಮಳೆ ಹನಿಯುವ ಹೊತ್ತಿಗೆ ಮತ್ತೆ ಬೀಳುತ್ತದೆ. ಎಲೆಕ್ಟ್ರಿಷಿಯನ್ ಬಂದು ನೋಡಿದರೆ ಎಲ್ಲವೂ ಸರಿಯಾಗಿದೆ! ಹೀಗೆ ಬಂದು ಹೋಗುವ ದೋಷವನ್ನು ಹಿಡಿಯುವುದು ಹೇಗೆ?

ಉತ್ತರಕ್ಕಾಗಿ ಇಂಗ್ಲೆಂಡಿನ ಒಬ್ಬ ಕಮ್ಮಾರನ ಮಗನ ಕಥೆಯನ್ನು ತಿಳಿಯೋಣ. ಆ ಸ್ವಿಚ್ಚಿನೊಳಗೆ ಕೆಲಸ ಮಾಡುವ ತತ್ವವನ್ನು ಕಂಡುಹಿಡಿದವನು ಅವನೇ. ಕ್ಷಣದಲ್ಲಿ ಕಂಡು ಮರೆಯಾಗುವುದನ್ನು ಹಿಡಿಯುವ ಬಗೆಯನ್ನೂ ಅವನಿಂದಲೇ ಕಲಿಯಬಹುದು. ಅವನೇ ಮೈಕೇಲ್ ಫ್ಯಾರಡೆ.

ಪುಸ್ತಕ ಹೊಲಿಯುವ ಹುಡುಗ

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ ಪಕ್ಕದ ನ್ಯೂಯಿಂಗ್ಟನ್ ಬಟ್ಸ್ ಎಂಬಲ್ಲಿ. ತಂದೆಗೆ ಅನಾರೋಗ್ಯ, ಮನೆಯಲ್ಲಿ ಬಡತನ. 1801ರಲ್ಲಿ ಬೆಲೆಗಳು ಏರಿದಾಗ ವಾರಕ್ಕೆ ಒಂದು ಬ್ರೆಡ್ಡಿನಲ್ಲಿ ಬಾಲಕ ಮೈಕೇಲ್ ಹೊಟ್ಟೆ ತುಂಬಿಸಿಕೊಳ್ಳಬೇಕಾಗಿತ್ತು. ಓದು, ಬರಹ, ಒಂದಿಷ್ಟು ಲೆಕ್ಕ, ಇಷ್ಟೇ ಅವನಿಗೆ ಶಾಲೆಯಲ್ಲಿ ದೊರೆತ ವಿದ್ಯೆ.

ಹದಿನಾಲ್ಕನೆಯ ವಯಸ್ಸಿನಲ್ಲಿ ಅವನು ಜಾರ್ಜ್ ರೀಬೋ ಎಂಬುವರ ಅಂಗಡಿಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯಲು ಸೇರಿದ. ಬೇರೆಯವರು ಪುಸ್ತಕದ ಹೊರಗನ್ನು ನೋಡಿದರೆ ಮೈಕೇಲ್ ಒಳಗನ್ನೂ ನೋಡುತ್ತಿದ್ದ. ಹೊಲಿಯಲು ಬಂದ ವಿಶ್ವಕೋಶದಲ್ಲಿ ವಿದ್ಯುತ್ತಿನ ಬಗ್ಗೆ ಇದ್ದ ಲೇಖನವನ್ನು ಓದಿ, ತಾನೇ ಸಣ್ಣ ಸಣ್ಣ ಪ್ರಯೋಗಗಳನ್ನು ಮಾಡಿದ.

1812ರಲ್ಲಿ ಗಿರಾಕಿಯೊಬ್ಬರು ಅವನಿಗೆ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ನಡೆಯುವ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಟಿಕೆಟ್ ಕೊಡಿಸಿದರು. ಮೈಕೇಲ್ ಕೇಳಿದ್ದನ್ನೆಲ್ಲ ಬರೆದುಕೊಂಡ, ಚಿತ್ರ ಬರೆದ, ಅಂದವಾಗಿ ರಟ್ಟು ಕಟ್ಟಿ ಡೇವಿಗೇ ಕಳುಹಿಸಿದ. 1813ರ ಮಾರ್ಚಿನಲ್ಲಿ ಡೇವಿಯ ಪ್ರಯೋಗಾಲಯದಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಸೀಸೆ ತೊಳೆಯುತ್ತ, ಉಪಕರಣ ಜೋಡಿಸುತ್ತ ಆತ ವಿಜ್ಞಾನಿಯಾಗಿ ಬೆಳೆದ.

ಮುಳ್ಳು ಅಲುಗಿತು

ತಂತಿಯಲ್ಲಿ ವಿದ್ಯುತ್ ಹರಿದರೆ ಹತ್ತಿರದ ದಿಕ್ಸೂಚಿಯ ಮುಳ್ಳು ತಿರುಗುತ್ತದೆ ಎಂದು 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ತೋರಿಸಿದ್ದ. ವಿದ್ಯುತ್ತಿನಿಂದ ಕಾಂತತ್ವ ಬರುವುದಾದರೆ, ಕಾಂತತ್ವದಿಂದ ವಿದ್ಯುತ್ ಏಕೆ ಬರಬಾರದು? ಈ ಪ್ರಶ್ನೆ ಅನೇಕರನ್ನು ಕಾಡಿತು. ಫ್ಯಾರಡೆ ಹಲವು ಬಾರಿ ಪ್ರಯತ್ನಿಸಿ ಸೋತ.

ಜಿನೀವಾ ನಗರದ ಕೊಲಾಡಾನ್ 1825ರಲ್ಲಿ ಗುರಿಯ ಹತ್ತಿರಕ್ಕೇ ಬಂದಿದ್ದ. ತಂತಿಯ ಸುರುಳಿಯೊಳಗೆ ಕಾಂತವನ್ನು ತಳ್ಳಿದ. ಆದರೆ ಕಾಂತದ ಪ್ರಭಾವ ಮುಳ್ಳಿನ ಮೇಲೆ ನೇರವಾಗಿ ಬೀಳಬಾರದೆಂದು ಅಳತೆಯ ಉಪಕರಣವನ್ನು ಬೇರೆ ಕೋಣೆಯಲ್ಲಿ ಇಟ್ಟಿದ್ದ. ಇಲ್ಲಿ ಕಾಂತವನ್ನು ತಳ್ಳಿ, ಅಲ್ಲಿಗೆ ನಡೆದು ಹೋಗಿ ನೋಡುವಷ್ಟರಲ್ಲಿ ಮುಳ್ಳು ತನ್ನ ಜಾಗಕ್ಕೆ ಮರಳಿರುತ್ತಿತ್ತು. ನಮ್ಮ ಎಲೆಕ್ಟ್ರಿಷಿಯನ್ ಬರುವ ಹೊತ್ತಿಗೆ ಎಲ್ಲವೂ ಸರಿಹೋಗಿರುವ ಹಾಗೆ!

1831ರ ಆಗಸ್ಟ್ 29ರಂದು ಫ್ಯಾರಡೆ ಸುಮಾರು ಆರು ಅಂಗುಲ ಅಗಲದ ಕಬ್ಬಿಣದ ಉಂಗುರವನ್ನು ತೆಗೆದುಕೊಂಡ. ಅದರ ಎರಡು ಬದಿಗೂ ತಾಮ್ರದ ತಂತಿ ಸುತ್ತಿದ. ಸುತ್ತುಗಳು ಒಂದಕ್ಕೊಂದು ತಾಗದಂತೆ ನಡುವೆ ದಾರ, ಬಟ್ಟೆ ಇಟ್ಟ. ಒಂದು ಬದಿಯ ಸುರುಳಿಯನ್ನು ಬ್ಯಾಟರಿಗೆ ಜೋಡಿಸಲು ಸಿದ್ಧಮಾಡಿದ. ಇನ್ನೊಂದು ಬದಿಯ ತಂತಿಯನ್ನು ಕಾಂತದ ಮುಳ್ಳಿನ ಮೇಲೆ ಹಾಯಿಸಿದ. ಬ್ಯಾಟರಿ ಜೋಡಿಸಿದೊಡನೆ ಮುಳ್ಳು ಅಲುಗಿ ಸುಮ್ಮನಾಯಿತು. ಬ್ಯಾಟರಿ ತೆಗೆದಾಗ ಮತ್ತೆ ಅಲುಗಿತು. ನಡುವೆ ವಿದ್ಯುತ್ ಒಂದೇ ಸಮನೆ ಹರಿಯುತ್ತಿದ್ದಾಗ ಏನೂ ಇಲ್ಲ.

ಇನ್ನೊಬ್ಬರಾಗಿದ್ದರೆ ಕೈ ತಾಗಿ ಅಲುಗಿರಬೇಕು ಎಂದು ಬಿಟ್ಟುಬಿಡುತ್ತಿದ್ದರೇನೋ. ಫ್ಯಾರಡೆ ಬಿಡಲಿಲ್ಲ. ಒಂದೊಂದೇ ಅಂಶವನ್ನು ಬದಲಿಸಿ ಮತ್ತೆ ಮತ್ತೆ ಮಾಡಿ ನೋಡಿದ. ಅಕ್ಟೋಬರಿನಲ್ಲಿ ಸುರುಳಿಯೊಳಗೆ ಕಾಂತವನ್ನು ತಳ್ಳಿ, ಎಳೆದು ವಿದ್ಯುತ್ ಪಡೆದ. ಕಾಂತತ್ವ ಇದ್ದರೆ ಸಾಲದು, ಅದು ಬದಲಾಗುತ್ತಿರಬೇಕು ಎಂಬ ಗುಟ್ಟು ತಿಳಿಯಿತು. ಇದೇ ವಿದ್ಯುತ್ಕಾಂತೀಯ ಪ್ರೇರಣೆ. 1902ರಲ್ಲಿ ಶಿವನಸಮುದ್ರದ ವಿದ್ಯುದಾಗಾರ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳುಹಿಸಿದ್ದು ಇದೇ ತತ್ವದ ಬಲದಿಂದ.

ಫ್ಯಾರಡೆಗೆ ಇನ್ನೊಂದು ಒಳ್ಳೆಯ ಅಭ್ಯಾಸವಿತ್ತು. ಮಾಡಿದ್ದನ್ನೆಲ್ಲ, ಸೋತದ್ದನ್ನೂ ಸೇರಿಸಿ, ದಿನಚರಿಯಲ್ಲಿ ಬರೆದಿಡುತ್ತಿದ್ದ. 1832ರಿಂದ ಪ್ರತಿ ಟಿಪ್ಪಣಿಗೂ ಸಂಖ್ಯೆ ಕೊಡುತ್ತ ಬಂದ. ಅವು 16,000ವನ್ನು ದಾಟಿದವು!

ಉಂಗುರ ನಮ್ಮ ಮನೆಗೆ ಬಂತು

ಈಗ ನಮ್ಮ ಬೋರ್ಡಿಗೆ ಮರಳೋಣ. ಇ.ಎಲ್.ಸಿ.ಬಿ. ಅಥವಾ ಆರ್.ಸಿ.ಸಿ.ಬಿ. ಎಂದು ಕರೆಯುವ ಸುರಕ್ಷತಾ ಸ್ವಿಚ್ಚಿನೊಳಗೆ ಒಂದು ಪುಟ್ಟ ಉಂಗುರವಿದೆ. ಮನೆಗೆ ಬರುವ ಫೇಸ್ ತಂತಿಯೂ ಹಿಂದಿರುಗುವ ನ್ಯೂಟ್ರಲ್ ತಂತಿಯೂ ಅದರ ಮೂಲಕವೇ ಹಾದುಹೋಗುತ್ತವೆ. ಹೋದಷ್ಟೇ ವಿದ್ಯುತ್ ಹಿಂದಿರುಗಿದರೆ ಎರಡರ ಕಾಂತ ಪರಿಣಾಮವೂ ಪರಸ್ಪರ ಅಳಿಸಿಹೋಗುತ್ತದೆ.

ಪ್ರವಾಸಕ್ಕೆ ಹೋದಾಗ ಮೇಷ್ಟ್ರು ಬಸ್ಸಿನಿಂದ ಇಳಿಯುವ ಮಕ್ಕಳ ತಲೆ ಎಣಿಸುತ್ತಾರೆ, ಹತ್ತುವಾಗಲೂ ಎಣಿಸುತ್ತಾರೆ. ಒಂದು ಕಡಿಮೆಯಾದರೂ ಬಸ್ಸು ಹೊರಡುವುದಿಲ್ಲ. ಉಂಗುರದ ಕೆಲಸವೂ ಹಾಗೆಯೇ. ಒದ್ದೆ ಗೋಡೆಯ ಮೂಲಕವೋ, ಮನುಷ್ಯನ ಮೈಯ ಮೂಲಕವೋ ಸ್ವಲ್ಪ ವಿದ್ಯುತ್ ನೆಲಕ್ಕೆ ಸೋರಿದರೆ ಲೆಕ್ಕ ತಪ್ಪುತ್ತದೆ. ನಮ್ಮ ಮನೆಯ ವಿದ್ಯುತ್ ಸೆಕೆಂಡಿಗೆ 50 ಆವರ್ತ ಬದಲಾಗುತ್ತಲೇ ಇರುತ್ತದೆ. ಆದ್ದರಿಂದ ಉಳಿದ ಆ ವ್ಯತ್ಯಾಸ, ಉಂಗುರಕ್ಕೆ ಸುತ್ತಿದ ಇನ್ನೊಂದು ಸುರುಳಿಯಲ್ಲಿ ವಿದ್ಯುತ್ ಹುಟ್ಟಿಸಿ ಸ್ವಿಚ್ಚನ್ನು ಬೀಳಿಸುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ ಸ್ವಿಚ್ಚು 30 ಮಿಲಿಆಂಪಿಯರ್ ಸೋರಿಕೆಗೆ ಬೀಳುತ್ತದೆ. ಇದು 100 ವಾಟಿನ ಹಳೆಯ ಬಲ್ಬಿನಲ್ಲಿ ಹರಿಯುವ ವಿದ್ಯುತ್ತಿನ ಸುಮಾರು ಹದಿನಾಲ್ಕರಲ್ಲಿ ಒಂದು ಪಾಲು. 1961ರಲ್ಲಿ ಅಮೆರಿಕದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯೆಲ್ ಕೇವಲ 5 ಮಿಲಿಆಂಪಿಯರಿಗೇ ಬೀಳುವ ಸಾಧನವನ್ನು ರೂಪಿಸಿದರು.

ಎಂ.ಸಿ.ಬಿ. ಬೇರೆ, ಇದು ಬೇರೆ. ಎಂ.ಸಿ.ಬಿ. ಅತಿಯಾದ ಹೊರೆ ಮತ್ತು ಶಾರ್ಟ್ ಸರ್ಕ್ಯೂಟಿನಿಂದ ತಂತಿಯನ್ನು ಕಾಯುತ್ತದೆ. ಇಷ್ಟು ಸಣ್ಣ ಸೋರಿಕೆ ಅದಕ್ಕೆ ತಿಳಿಯುವುದಿಲ್ಲ.

ಫ್ಯಾರಡೆಯ ದಾರಿಯಲ್ಲಿ ಹುಡುಕಾಟ

ದೋಷ ಏಕೆ ಬಂದು ಹೋಗುತ್ತದೆ? ಮಳೆಯಲ್ಲಿ ಒದ್ದೆಯಾದ ಹೊರಗಿನ ದೀಪ ಬಿಸಿಲಿಗೆ ಒಣಗುತ್ತದೆ. ಬಿರುಕು ಬಿಟ್ಟ ಗೀಸರ್ ಕಾಯಿಲ್ ನೀರು ಕಾಯಿಸುವಾಗಷ್ಟೇ ಸೋರಬಹುದು. ಫ್ರಿಜ್ಜಿನ ಮೋಟಾರು ತಾನಾಗಿ ಚಾಲೂ ಆಗಿ ನಿಲ್ಲುತ್ತದೆ. ಇಲಿ ಕಡಿದ ತಂತಿ ಗಾಳಿಗೆ ಅಲುಗಿ ಲೋಹಕ್ಕೆ ತಾಗುತ್ತದೆ. ಕೆಲವೊಮ್ಮೆ ಒಂದೇ ಅಪರಾಧಿ ಇರುವುದಿಲ್ಲ. ನಾಲ್ಕಾರು ಉಪಕರಣಗಳ ಸಣ್ಣ ಸೋರಿಕೆಗಳು ಕೂಡಿ ಮಿತಿ ದಾಟುತ್ತವೆ.

ಹುಡುಕುವ ಕ್ರಮ ಹೀಗೆ. ದೊಡ್ಡವರು ಎಲ್ಲ ಉಪಕರಣಗಳ ಪ್ಲಗ್ ಕಿತ್ತಿಟ್ಟು ಸುರಕ್ಷತಾ ಸ್ವಿಚ್ಚನ್ನು ಮೇಲಕ್ಕೆತ್ತಬೇಕು. ಗೋಡೆಯ ಸ್ವಿಚ್ ಆರಿಸಿದರೆ ಸಾಲದು. ಅದು ಸಾಮಾನ್ಯವಾಗಿ ಫೇಸ್ ತಂತಿಯನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಜೋಡಿಕೊಂಡೇ ಇರುತ್ತದೆ. ಆ ನ್ಯೂಟ್ರಲ್ ಎಲ್ಲಾದರೂ ಅರ್ಥಿಂಗ್‌ಗೆ ತಾಗಿದ್ದರೆ, ಆರಿಸಿದ ಉಪಕರಣವೂ ಸ್ವಿಚ್ಚನ್ನು ಬೀಳಿಸಬಲ್ಲದು. ಪ್ಲಗ್‌ಗಳನ್ನೆಲ್ಲ ಕಿತ್ತ ಮೇಲೂ ಸ್ವಿಚ್ಚು ಬಿದ್ದರೆ ದೋಷ ವೈರಿಂಗ್‌ನಲ್ಲಿದೆ ಎಂದು ಶಂಕಿಸಬೇಕು. ಎಲೆಕ್ಟ್ರಿಷಿಯನ್ ಬಂದು ಮೆಗ್ಗರ್ ಎಂಬ ಉಪಕರಣದಿಂದ ಒಂದೊಂದು ಸಾಲನ್ನೂ ಪರೀಕ್ಷಿಸಬೇಕು. ಬೀಳದಿದ್ದರೆ ಒಂದು ಪ್ಲಗ್ ಹಾಕಿ ಕಾಯಬೇಕು, ನಂತರ ಇನ್ನೊಂದು. ಅವಸರಪಟ್ಟು ಎರಡನ್ನು ಒಟ್ಟಿಗೆ ಹಾಕಿದರೆ ಯಾವುದರಿಂದ ಬಿತ್ತೆಂದು ತಿಳಿಯುವುದಿಲ್ಲ.

ನಿಮಗೂ ಒಂದು ಕೆಲಸವಿದೆ. ಬೋರ್ಡಿನಿಂದ ದೂರವೇ ಇದ್ದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಸ್ವಿಚ್ಚು ಬಿದ್ದ ದಿನ, ಗಂಟೆ, ಮಳೆ ಇತ್ತೇ, ಆಗ ಯಾವ ಯಾವ ಉಪಕರಣಗಳು ನಡೆಯುತ್ತಿದ್ದವು. ಎಲೆಕ್ಟ್ರಿಷಿಯನ್‌ಗೆ ಈ ಪಟ್ಟಿ ತುಂಬ ನೆರವಾಗುತ್ತದೆ. ದೋಷ ಅವರ ಕಣ್ಣೆದುರು ಬಾರದಿರಬಹುದು, ನಿಮ್ಮ ಪುಟದಲ್ಲಿ ಅದರ ಹೆಜ್ಜೆಗುರುತು ಇರುತ್ತದೆ.

ನೆನಪಿಡಿ

ಪದೇ ಪದೇ ಬೀಳುವ ಸ್ವಿಚ್ಚು ಕಿರಿಕಿರಿ ಎಂದು ಕೆಲವರು ಅದನ್ನು ತಪ್ಪಿಸಿ ನೇರವಾಗಿ ತಂತಿ ಜೋಡಿಸಿಬಿಡುತ್ತಾರೆ. ಆಗ ಸೋರಿಕೆ ಹಾಗೆಯೇ ಉಳಿಯುತ್ತದೆ, ಕಾವಲು ಮಾತ್ರ ಹೋಗುತ್ತದೆ. ಮುಂದೆ ಒದ್ದೆ ಕೈಯಲ್ಲಿ ಉಪಕರಣ ಮುಟ್ಟಿದವರ ಪ್ರಾಣಕ್ಕೇ ಅಪಾಯ. ಸ್ವಿಚ್ಚಿನ ಮೇಲಿರುವ ಟಿ ಅಕ್ಷರದ ಗುಂಡಿಯನ್ನು ದೊಡ್ಡವರು ಆಗಾಗ ಒತ್ತಿ ನೋಡಬೇಕು. ಒತ್ತಿದಾಗ ಬೀಳದಿದ್ದರೆ ಎಲೆಕ್ಟ್ರಿಷಿಯನ್‌ಗೆ ತೋರಿಸಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದವರನ್ನು ಈ ಸ್ವಿಚ್ಚೂ ಕಾಪಾಡಲಾರದು.

ಫ್ಯಾರಡೆ ಸರ್ ಪದವಿಯನ್ನು ಬೇಡವೆಂದ. ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿಯನ್ನೂ ಒಲ್ಲೆನೆಂದ. ಆದರೆ ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗಾಗಿ ನಡೆಯುವ ಉಪನ್ಯಾಸಗಳನ್ನು 1827ರಿಂದ ಹತ್ತೊಂಬತ್ತು ವರ್ಷಗಳಲ್ಲಿ ಸಂತೋಷದಿಂದ ನಡೆಸಿಕೊಟ್ಟ. ಒಂದು ಮೇಣದ ಬತ್ತಿಯನ್ನೇ ವಿಷಯವಾಗಿಟ್ಟುಕೊಂಡು ರಸಾಯನಶಾಸ್ತ್ರ ಕಲಿಸಿದ. 1867ರ ಆಗಸ್ಟ್ 25ರಂದು ತೀರಿಕೊಂಡ. ಅವನು ಕಂಡುಹಿಡಿದ ತತ್ವ ಇಂದಿಗೂ ಅನೇಕ ಮನೆಗಳ ಬೋರ್ಡಿನಲ್ಲಿ ಹಗಲಿರುಳು ಕಾವಲು ಕಾಯುತ್ತಿದೆ. ಅದು ಟಪ್ ಎಂದು ಬಿದ್ದಾಗ ಬೈಯಬೇಡಿ. ಎಲ್ಲೋ ಲೆಕ್ಕ ತಪ್ಪಿದೆ ಎಂದು ಅದು ಹೇಳುತ್ತಿದೆ. ಎಲ್ಲಿ ಎಂದು ಹುಡುಕುವುದು ನಮ್ಮ ಕೆಲಸ.