ರಾಜಾ ದೀನ್ ದಯಾಳ್: ಚೌಕಟ್ಟು ಕಲಿಸಿದ ಗುರು

ಕಳೆದ ವರ್ಷ ನಮ್ಮ ಆಪಾಳ ನಿಕಾಹ್‌ನಲ್ಲಿ ಫೋಟೋ ತೆಗೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೊಬೈಲಿನಲ್ಲಿ ಮುನ್ನೂರಕ್ಕೂ ಹೆಚ್ಚು ತೆಗೆದೆ. ಎರಡು ತಿಂಗಳ ನಂತರ ನಾನಿ ತೀರಿಕೊಂಡರು. ಅಮ್ಮಿ ನಾನಿಯ ಒಂದು ಒಳ್ಳೆಯ ಫೋಟೋ ಕೇಳಿದಾಗ ಎಲ್ಲವನ್ನೂ ಹುಡುಕಿದೆ. ಒಂದರಲ್ಲಿ ಅವರ ಅರ್ಧ ಮುಖ ಅಂಚಿನಲ್ಲಿ ಕತ್ತರಿಸಿ ಹೋಗಿತ್ತು. ಇನ್ನೊಂದರಲ್ಲಿ ಶಾಮಿಯಾನದ ಕಂಬ ಅವರ ತಲೆಯ ಮೇಲೇ ಬೆಳೆದಂತಿತ್ತು. ಮತ್ತೊಂದರಲ್ಲಿ ಯಾರದೋ ಕೈ ಅಡ್ಡ ಬಂದಿತ್ತು. ಒಂದೂ ಸರಿ ಇರಲಿಲ್ಲ.

ಆಗ ಸಂಯೋಜನೆ ಕಲಿಯಬೇಕೆಂದು ಹೊರಟೆ. ಸಂಯೋಜನೆ ಅಂದರೆ ಚೌಕಟ್ಟಿನೊಳಗೆ ಏನಿರಬೇಕು, ಏನನ್ನು ಹೊರಗಿಡಬೇಕು, ಯಾವುದು ಎಲ್ಲಿರಬೇಕು ಎಂಬ ತೀರ್ಮಾನ. ಕೋರ್ಸುಗಳ ಶುಲ್ಕ ಕೇಳಿ ಸುಮ್ಮನಾದೆ. ವಿಡಿಯೋಗಳಲ್ಲಿ ಸೂತ್ರಗಳು ಸಿಕ್ಕವು, ಆದರೆ ಕಣ್ಣು ಪಳಗಲಿಲ್ಲ. ಕೊನೆಗೆ ನನಗೆ ಸಿಕ್ಕ ಗುರು ನೂರು ವರ್ಷಕ್ಕೂ ಹಿಂದೆ ತೀರಿಹೋದವರು.

ದೀನ್ ದಯಾಳ್ ಹುಟ್ಟಿದ್ದು 1844ರಲ್ಲಿ, ಮೀರತ್ ಬಳಿಯ ಸರ್ಧಾನಾದಲ್ಲಿ, ಆಭರಣ ವ್ಯಾಪಾರದ ಜೈನ ಕುಟುಂಬದಲ್ಲಿ. ಓದಿದ್ದು ರೂರ್ಕಿಯ ಥಾಮಸನ್ ಸಿವಿಲ್ ಎಂಜಿನಿಯರಿಂಗ್ ಕಾಲೇಜಿನಲ್ಲಿ. 1866ರಲ್ಲಿ ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ಕಟ್ಟಡಗಳ ಖರ್ಚಿನ ಅಂದಾಜು ತಯಾರಿಸುವುದು, ನಕ್ಷೆ ಬರೆಯುವುದು ಅವರ ಕೆಲಸ. ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಇದು ಬಹಳ ಹಿಡಿಸಿತು. ಲೆಕ್ಕದ ಮನುಷ್ಯರೊಬ್ಬರು ಚಿತ್ರದ ಮನುಷ್ಯರಾದರು!

1874ರ ಸುಮಾರಿಗೆ, ಮೂವತ್ತರ ವಯಸ್ಸಿನಲ್ಲಿ, ಅವರು ಕ್ಯಾಮೆರಾ ಹಿಡಿದರು. ಸರ್ ಹೆನ್ರಿ ಡೇಲಿ ಎಂಬ ಬ್ರಿಟಿಷ್ ಅಧಿಕಾರಿ ಮತ್ತು ಇಂದೋರಿನ ಮಹಾರಾಜ ತುಕೋಜಿರಾವ್ ಹೋಳ್ಕರ್ ಪ್ರೋತ್ಸಾಹ ಕೊಟ್ಟರು. ಆಗಿನ ಫೋಟೋಗ್ರಫಿ ಸುಲಭದ್ದಲ್ಲ. ಗಾಜಿನ ಫಲಕಕ್ಕೆ ರಾಸಾಯನಿಕ ಹಚ್ಚಿ, ಅದು ಒಣಗುವ ಮೊದಲೇ ಚಿತ್ರ ತೆಗೆದು, ಅಲ್ಲೇ ಕತ್ತಲ ಡೇರೆಯಲ್ಲಿ ಅದನ್ನು ಸಂಸ್ಕರಿಸಬೇಕಿತ್ತು. ಒಂದು ಫಲಕ ಕೆಟ್ಟರೆ ಹಣ, ಶ್ರಮ ಎರಡೂ ನಷ್ಟ. ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ನೋಡಿದರೆ ಕ್ಯಾಮೆರಾದ ಗಾಜಿನ ಮೇಲೆ ದೃಶ್ಯ ತಲೆಕೆಳಗಾಗಿ ಕಾಣುತ್ತಿತ್ತು. ಹಾಗೆ ಕಂಡಾಗ ಅದು ಅರಮನೆ, ಇದು ಮರ ಎಂಬುದಕ್ಕಿಂತ ಗೆರೆ, ಬೆಳಕು, ನೆರಳು, ಖಾಲಿ ಜಾಗಗಳೇ ಮೊದಲು ಕಣ್ಣಿಗೆ ಬೀಳುತ್ತವೆ. ನಕ್ಷೆ ಬರೆದು ಪಳಗಿದ ಕಣ್ಣಿಗೆ ಗೆರೆಗಳ ಭಾಷೆ ಹೊಸದಲ್ಲ. ಅವರ ಚಿತ್ರಗಳಲ್ಲಿ ಕಟ್ಟಡಗಳು ನೇರವಾಗಿ, ಗಟ್ಟಿಯಾಗಿ ನಿಲ್ಲುವುದಕ್ಕೆ ಇದೂ ಒಂದು ಕಾರಣವೆಂದು ನನಗೆ ಅನಿಸುತ್ತದೆ.

ಸರ್ ಲೆಪೆಲ್ ಗ್ರಿಫಿನ್ ಜೊತೆ ಮಧ್ಯ ಭಾರತವನ್ನು ಸುತ್ತಿ ಗ್ವಾಲಿಯರ್, ಸಾಂಚಿ ಮೊದಲಾದ ಕಡೆಯ ಸ್ಮಾರಕಗಳ ಚಿತ್ರ ತೆಗೆದರು. 1886ರಲ್ಲಿ ಅವು ಪುಸ್ತಕವಾಗಿ ಬಂದವು. 1885ರಲ್ಲಿ ವೈಸರಾಯ್ ಲಾರ್ಡ್ ಡಫರಿನ್ ಅವರ ಛಾಯಾಗ್ರಾಹಕರಾಗಿ ನೇಮಕವಾದರು. ಸರ್ಕಾರಿ ನೌಕರಿಯಿಂದ ಮೊದಲು ದೀರ್ಘ ರಜೆ ಪಡೆದು, ಆಮೇಲೆ ಅದನ್ನು ಬಿಟ್ಟೇ ಬಿಟ್ಟರು. ತಿಂಗಳ ಸಂಬಳ ಬಿಡುವುದು ಎಷ್ಟು ದೊಡ್ಡ ಮಾತು ಎಂದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು.

ಮುಂದೆ ಅವರು ಹೈದರಾಬಾದಿನ ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಅವರ ಆಸ್ಥಾನದ ಛಾಯಾಗ್ರಾಹಕರಾದರು. ನಮ್ಮ ಕಲಬುರಗಿ, ಬೀದರ್, ರಾಯಚೂರು ಆಗ ಆ ರಾಜ್ಯದಲ್ಲೇ ಇದ್ದವು. 1892ರಲ್ಲಿ ಅವರು ಪರ್ದಾ ಪಾಲಿಸುವ ಮಹಿಳೆಯರಿಗಾಗಿ ಜನಾನಾ ಸ್ಟುಡಿಯೋ ತೆರೆದರು. ಅದನ್ನು ನೋಡಿಕೊಂಡವರು ಕೆನ್ನಿ ಲೆವಿಕ್ ಎಂಬ ಬ್ರಿಟಿಷ್ ಮಹಿಳೆ. ಯಾವ ಗ್ರಾಹಕರು ತನ್ನ ಬಳಿ ಬರಲಾರರು, ಅವರಿಗೆ ಏನು ಬೇಕು ಎಂದು ಯೋಚಿಸಿದ ವ್ಯಾಪಾರಿಯ ಬುದ್ಧಿ ಇದು. ಅದರಲ್ಲಿ ಎದುರಿನವರ ಮರ್ಯಾದೆಯ ಕಾಳಜಿಯೂ ಇದೆ. 1894ರಲ್ಲಿ ನಿಜಾಮರು ಅವರಿಗೆ ರಾಜಾ ಬಹಾದ್ದೂರ್ ಮುಸವ್ವಿರ್ ಜಂಗ್ ಎಂಬ ಬಿರುದು ಕೊಟ್ಟರು. ಮುಸವ್ವಿರ್ ಎಂದರೆ ಚಿತ್ರ ರೂಪಿಸುವವನು. ನಮ್ಮ ಮನೆಮಾತಿನ ಈ ಪದ ಒಬ್ಬ ಫೋಟೋಗ್ರಾಫರ್‌ಗೆ ಬಿರುದಾಗಿತ್ತು ಎಂದು ತಿಳಿದು ಅಬ್ಬಾ ಕೂಡ ಖುಷಿಪಟ್ಟರು.

1896ರಲ್ಲಿ ಬೊಂಬಾಯಿಯಲ್ಲೂ ಅವರ ಸ್ಟುಡಿಯೋ ಆರಂಭವಾಯಿತು. ಮರು ವರ್ಷ ವಿಕ್ಟೋರಿಯಾ ರಾಣಿಯ ಮಾನ್ಯತೆ ಸಿಕ್ಕಿತು. 1905ರಲ್ಲಿ ದೀನ್ ದಯಾಳ್ ತೀರಿಕೊಂಡರು. ಅವರ ಸಾವಿರಾರು ಗಾಜಿನ ಫಲಕಗಳು ಇಂದು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ. ಅವರ ಚಿತ್ರಗಳು ಪುಸ್ತಕಗಳಲ್ಲೂ ಇಂಟರ್ನೆಟ್‌ನಲ್ಲೂ ನೋಡಲು ಸಿಗುತ್ತವೆ.

ಸ್ನೇಹಿತರೇ, ನನ್ನ ಪಾಠ ಹೀಗಿತ್ತು. ದಿನಕ್ಕೆ ಅವರ ಒಂದೇ ಚಿತ್ರವನ್ನು ಹತ್ತು ನಿಮಿಷ ನೋಡುವುದು. ಅದನ್ನು ತಲೆಕೆಳಗು ಮಾಡಿ, ಕಣ್ಣು ಮೊದಲು ಎಲ್ಲಿ ಹೋಗುತ್ತದೆ ಎಂದು ಗಮನಿಸುವುದು. ನೋಟ್‌ಬುಕ್ಕಿನಲ್ಲಿ ಅದರ ಮುಖ್ಯ ಗೆರೆಗಳನ್ನಷ್ಟೇ ಪೆನ್ಸಿಲಿನಿಂದ ಬರೆಯುವುದು. ಆಮೇಲೆ ನನ್ನ ಬಳಿ ಒಂದೇ ಗಾಜಿನ ಫಲಕ ಇದೆ ಎಂದುಕೊಂಡು, ನಾಲ್ಕು ಅಂಚುಗಳನ್ನೂ ನೋಡಿ, ಒಂದೇ ಫೋಟೋ ತೆಗೆಯುವುದು. ಇದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಹೋದ ತಿಂಗಳು ನಾನಾ ಬಾಗಿಲ ಬಳಿ ಪತ್ರಿಕೆ ಓದುತ್ತಾ ಕೂತಿದ್ದರು. ಹಿಂದೆ ನೇತುಹಾಕಿದ್ದ ಟವೆಲ್ ತೆಗೆದೆ. ಎರಡು ಹೆಜ್ಜೆ ಎಡಕ್ಕೆ ಸರಿದೆ. ಬೆಳಕು ಅವರ ಮುಖದ ಮೇಲೆ ಬರುವವರೆಗೆ ಕಾದು, ಒಮ್ಮೆ ಮಾತ್ರ ಒತ್ತಿದೆ. ಅಮ್ಮಿ ಆ ಫೋಟೋವನ್ನು ಪ್ರಿಂಟ್ ಹಾಕಿಸಿ ಆಲ್ಬಮ್ಮಿನಲ್ಲಿ ಇಟ್ಟಿದ್ದಾರೆ. ಪಕ್ಕದ ಜಾಗ ನಾನಿಯದು, ಅದು ಖಾಲಿಯಾಗಿಯೇ ಇದೆ. ನಿಮ್ಮ ಮನೆಯ ಹಿರಿಯರ ಫೋಟೋವನ್ನು ಇಂದೇ, ನಿಧಾನವಾಗಿ ತೆಗೆಯಿರಿ.