ಬೆನ್ನೆಲುಬಿಲ್ಲದವುಗಳ ಮೇಷ್ಟರು: ಲಾಮಾರ್ಕ್

ಲಾಮಾರ್ಕ್ ಎಂದೊಡನೆ ನಮಗೆ ನೆನಪಾಗುವುದು ಜಿರಾಫೆಯ ಕತ್ತು. ಎತ್ತರದ ಎಲೆಗಾಗಿ ಚಾಚಿ ಚಾಚಿ ಕತ್ತು ಉದ್ದವಾಯಿತು, ಅದೇ ಮರಿಗಳಿಗೂ ಬಂತು ಎಂದವನು ಈತ. ಅದು ತಪ್ಪು ಎಂದು ಹೈಸ್ಕೂಲಿನಲ್ಲೇ ಓದಿ ಬಿಟ್ಟಿದ್ದೇವೆ. ಆದರೆ ಈ ಮನುಷ್ಯನ ಲೆಕ್ಕದಲ್ಲಿ ಜಮೆಯ ಕಡೆಯೂ ಒಂದಿದೆ. ಅದನ್ನು ಯಾರೂ ತೆಗೆದು ನೋಡುವುದಿಲ್ಲ.

ಹುಟ್ಟಿದ್ದು 1744ರಲ್ಲಿ, ಉತ್ತರ ಫ್ರಾನ್ಸಿನ ಪಿಕಾರ್ಡಿ ಪ್ರಾಂತದಲ್ಲಿ. ಹೆಸರಿಗೆ ದೊಡ್ಡ ಮನೆತನ, ಕೈಯಲ್ಲಿ ಕಾಸಿಲ್ಲ. ಹನ್ನೊಂದನೆಯ ಮಗು ಬೇರೆ! ಪಾದ್ರಿಯಾಗಲಿ ಎಂದು ಅಪ್ಪ ಓದಲು ಹಾಕಿದ. ಅಪ್ಪ ತೀರಿಕೊಂಡದ್ದೇ ತಡ, ಹುಡುಗ ಸೈನ್ಯಕ್ಕೆ ಸೇರಿಬಿಟ್ಟ. ಕತ್ತಿನ ತೊಂದರೆಯಿಂದ ಅದನ್ನೂ ಬಿಟ್ಟು ಪ್ಯಾರಿಸ್ಸಿಗೆ ಬಂದು ಬ್ಯಾಂಕಿನಲ್ಲಿ ಗುಮಾಸ್ತನಾದ (ಕಾಮರ್ಸಿನವರು ಹೆಮ್ಮೆಪಡಬಹುದು). ಜೊತೆಗೆ ಗಿಡಮೂಲಿಕೆಗಳ ಹುಚ್ಚು. ಫ್ರಾನ್ಸಿನ ಸಸ್ಯಗಳ ಮೇಲೆ ಮೂರು ಸಂಪುಟ ಬರೆದು ಹೆಸರು ಮಾಡಿದ.

1793ರಲ್ಲಿ, ಕ್ರಾಂತಿಯ ನಡುವೆ, ಪ್ಯಾರಿಸ್ಸಿನ ರಾಜೋದ್ಯಾನ ಮ್ಯೂಸಿಯಮ್ ಆಯಿತು. ಸಸ್ಯಗಳ ಪಂಡಿತನಿಗೆ ಸಿಕ್ಕಿದ್ದು ಕೀಟ ಮತ್ತು ಹುಳುಗಳ ಪೀಠ! ವಯಸ್ಸು ಐವತ್ತರ ಹತ್ತಿರ. ಬೇರೊಬ್ಬನಾಗಿದ್ದರೆ ಗೊಣಗುತ್ತ ಕೂರುತ್ತಿದ್ದನೇನೋ. ಈತ ಮೊದಲಿನಿಂದ ಕಲಿಯತೊಡಗಿದ.

ಲಿನೇಯಸ್ ಮಾಡಿಟ್ಟಿದ್ದ 'ಹುಳು' ವರ್ಗ ನಮ್ಮ ಲೆಡ್ಜರಿನ ಸಂಡ್ರೀಸ್ ಖಾತೆ ಇದ್ದ ಹಾಗೆ. ಎರೆಹುಳು, ಬಸವನಹುಳು, ನಕ್ಷತ್ರಮೀನು, ಹವಳ ಎಲ್ಲ ಅದರಲ್ಲೇ. ಜೇಡ, ಏಡಿ ಹೋಗಿ ಕೀಟಗಳ ಜೊತೆ ಕೂತಿದ್ದವು. ಲಾಮಾರ್ಕ್ ಒಂದೊಂದರ ಮೈಕಟ್ಟನ್ನೂ ಹೋಲಿಸಿ ನೋಡಿದ. ಕೀಟಕ್ಕೆ ಆರು ಕಾಲು, ಜೇಡಕ್ಕೆ ಎಂಟು. ರೆಕ್ಕೆಯೂ ಇಲ್ಲ, ಮೀಸೆಯೂ ಇಲ್ಲ. ಏಡಿಯದು ಗಟ್ಟಿ ಚಿಪ್ಪು, ಕಿವಿರಿನ ಉಸಿರಾಟ, ನೀರಿನ ಬದುಕು. ಹಾಗಾಗಿ 1801ರ ಪುಸ್ತಕದಲ್ಲಿ ಎರಡಕ್ಕೂ ಬೇರೆ ಬೇರೆ ವರ್ಗ. ಎರೆಹುಳುವಿಗೆ ಕಾಲೇ ಇಲ್ಲ, ಮೈಯೆಲ್ಲ ಉಂಗುರಗಳ ಸಾಲು. ಅದನ್ನು ಹಿಗ್ಗಿಸಿ ಕುಗ್ಗಿಸಿ ಮಣ್ಣಿನಲ್ಲಿ ದಾರಿ ಮಾಡಿಕೊಳ್ಳುತ್ತದೆ. ಅದಕ್ಕೂ ಜಿಗಣೆಗೂ ಸೇರಿ ಮತ್ತೊಂದು ವರ್ಗ. ಬೆನ್ನೆಲುಬಿಲ್ಲದ ಪ್ರಾಣಿಗಳು ಎಂಬ ದೊಡ್ಡ ವಿಭಾಗದ ಹೆಸರೂ ಈತನದೇ.

ಇವುಗಳ ಮೇಲಿನ ದೊಡ್ಡ ಗ್ರಂಥ 1815ರಿಂದ 1822ರವರೆಗೆ ಏಳು ಸಂಪುಟಗಳಲ್ಲಿ ಬಂತು. ಅದು ಮುಗಿಯುವ ಮೊದಲೇ ಕಣ್ಣು ಹೋಯಿತು. ಆಮೇಲೆ ಅಪ್ಪ ಹೇಳುವುದು, ಮಗಳು ಬರೆಯುವುದು. 1829ರಲ್ಲಿ ಬಡತನದಲ್ಲೇ ತೀರಿಕೊಂಡ. ಸಮಾಧಿಯ ಜಾಗ ಕೂಡ ಬಾಡಿಗೆಯದು. ಎಲುಬುಗಳು ಎಲ್ಲಿ ಹೋದವೋ ಗುರುತಿಲ್ಲ. ಸಹೋದ್ಯೋಗಿ ಕ್ಯುವಿಯೇ ಬರೆದ ಶ್ರದ್ಧಾಂಜಲಿಯಲ್ಲೂ ಹೊಗಳಿಕೆಗಿಂತ ಟೀಕೆಯೇ ಹೆಚ್ಚು. ಪ್ಯಾರಿಸ್ಸಿನ ಉದ್ಯಾನದಲ್ಲಿ ಪ್ರತಿಮೆ ನಿಂತದ್ದು 1909ರಲ್ಲಿ.

ಜೇಡ ಕೀಟವಲ್ಲ ಎಂದು ಈಗ ಸ್ಕೂಲ್ ಹುಡುಗರೂ ಹೇಳುತ್ತಾರೆ. ಜಿರಾಫೆಯ ತಪ್ಪಿಗೆ ನಗುವಾಗ ಇದನ್ನೂ ಲಾಮಾರ್ಕನ ಖಾತೆಗೆ ಜಮಾ ಹಾಕೋಣ.